ಅಲ್ಲಿ ಹೆಣ್ಮಕ್ಳ ಸಂಘ ಇಲ್ಲೇನ್ರೀ?

2023ರ ಜುಲೈ ಕೊನೆಯ ವಾರ. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಸಭೆ ಮುಗಿಯುತ್ತ ಬಂದಿತ್ತು. ಉಳಿತಾಯದ ದುಡ್ಡು ಎಣಿಸಿ, ಸಾಲದ ಕಂತು ಬರೆದು, ಸಹಿ ಬರುವವರು ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ ಏಳುವ ಹೊತ್ತು. ಲೆಕ್ಕ ಬರೆದುಕೊಡಲು ಆಗಾಗ ಹೋಗುವ ನನಗೆ ಚಹಾ ಬಂತು. ಅಷ್ಟರಲ್ಲಿ ಯಾರದೋ ಮೊಬೈಲಿನಲ್ಲಿ ಮಣಿಪುರದ ಸುದ್ದಿ. ಇಬ್ಬರು ಹೆಣ್ಣುಮಕ್ಕಳನ್ನು ಬತ್ತಲೆ ಮಾಡಿ ಗದ್ದೆಯಲ್ಲಿ ನಡೆಸಿದ ಗಂಡಸರ ಗುಂಪಿನ ಸುದ್ದಿ. ಮೇ 4ರಂದು ನಡೆದದ್ದು, ಲೋಕಕ್ಕೆ ಗೊತ್ತಾಗಿದ್ದು ಜುಲೈ 19ಕ್ಕೆ.

ಗೋಡೆಗೆ ಒರಗಿ ಕೂತಿದ್ದ ದೊಡ್ಡವ್ವ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಅಲ್ಲಿ ಹೆಣ್ಮಕ್ಳ ಸಂಘ ಇಲ್ಲೇನ್ರೀ ಟೀಚರ? ಇದ್ದಿದ್ರ ಹಿಂಗ ಬಿಡ್ತಿದ್ರೇನು?”

“ಐತಿಬೇ ಯವ್ವಾ. ಮೈರಾ ಪೈಬಿ ಅಂತ, ಬಾಳ ದೊಡ್ಡ ಸಂಘಟನೆ.”

“ಮತ್ತ?”

ಆಕೆ ಸುಮ್ಮನೆ ಕೇಳುವವಳಲ್ಲ. 2019ರ ಜನವರಿ 19ಕ್ಕೆ ಚಿತ್ರದುರ್ಗದಿಂದ ಹೊರಟು, ಗಾಂಧಿ ಸತ್ತ ದಿನ ಜನವರಿ 30ಕ್ಕೆ ಬೆಂಗಳೂರು ಮುಟ್ಟಿದ ಮದ್ಯ ನಿಷೇಧ ಆಂದೋಲನದ ಪಾದಯಾತ್ರೆಯಲ್ಲಿ ನಡೆದವಳು. ತುಮಕೂರು ದಾಟುವಷ್ಟರಲ್ಲಿ ಅಂಗಾಲಿನ ಬೊಬ್ಬೆ ಒಡೆದು, ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಹೆಜ್ಜೆ ಹಾಕಿದವಳು. ಆ ದಾರಿಯಲ್ಲಿ ರಾಯಚೂರು ಸೀಮೆಯ ಒಬ್ಬಾಕೆ ಬೈಕ್ ಬಡಿದು ಸತ್ತದ್ದನ್ನು ಈಗಲೂ ಹೇಳಿಕೊಂಡು ಅಳುತ್ತಾಳೆ. ಸಂಘ ಅಂದರೆ ಕರೆದಾಗ ಬರುವುದು ಎಂಬುದು ಆಕೆಯ ಲೆಕ್ಕ. ಆ “ಮತ್ತ?”ಕ್ಕೆ ಚಹಾ ಆರುವುದರೊಳಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇಲ್ಲಿ ಬರೆದಿರುವುದು ಆಮೇಲೆ ಮೂರು ನಾಲ್ಕು ಸಭೆಗಳಲ್ಲಿ ಆಕೆಗೆ ಬಿಡಿಬಿಡಿಯಾಗಿ ಹೇಳಿದ್ದು.

ಬೋಗುಣಿಯಂಥ ನಾಡು

ಮಣಿಪುರವನ್ನು ಒಂದು ಬೋಗುಣಿ ಅಂದುಕೊಳ್ಳಿ. ತಳದಲ್ಲಿ ಇಂಫಾಲ ಕಣಿವೆ, ಸುತ್ತ ಅಂಚಿಗೆ ಗುಡ್ಡಗಳು. ತಳ ಇಡೀ ರಾಜ್ಯದ ಹತ್ತರಲ್ಲಿ ಒಂದು ಪಾಲು ಜಾಗ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ. ಅವರಲ್ಲಿ ಬಹುಪಾಲು ಮೈತೇಯಿಗಳು, ಹೆಚ್ಚಿನವರು ವೈಷ್ಣವ ಹಿಂದೂಗಳು. ಗುಡ್ಡಗಳಲ್ಲಿ ನಾಗಾ ಮತ್ತು ಕುಕಿ-ಜೋ ಬುಡಕಟ್ಟುಗಳು, ಬಹುತೇಕ ಕ್ರೈಸ್ತರು. 2011ರ ಜನಗಣತಿಯಲ್ಲಿ ಇಡೀ ರಾಜ್ಯಕ್ಕೆ ಸುಮಾರು 28 ಲಕ್ಷ ಜನ. ನಮ್ಮ ರಾಯಚೂರು ಜಿಲ್ಲೆಯಲ್ಲೇ 19 ಲಕ್ಷ ಇದ್ದರು ಅಂದರೆ ಅಂದಾಜು ಸಿಗುತ್ತದೆ.

ವಿಧಾನಸಭೆಯ 60 ಸ್ಥಾನಗಳಲ್ಲಿ 40 ಕಣಿವೆಗೆ, 20 ಗುಡ್ಡಕ್ಕೆ. ಗುಡ್ಡದ ಭೂಮಿಯನ್ನು ಕಣಿವೆಯವರು ಕೊಳ್ಳುವಂತಿಲ್ಲ. ಹೀಗಾಗಿ ತಳದವರಿಗೆ ಜಾಗವಿಲ್ಲ ಎಂಬ ಕೊರಗು, ಅಂಚಿನವರಿಗೆ ಅಧಿಕಾರವಿಲ್ಲ ಎಂಬ ಕೊರಗು. ಕಲ್ಯಾಣ ಕರ್ನಾಟಕದ ನಮಗೆ ಸಂವಿಧಾನದ 371ಜೆ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾಲೇಜು ಸೀಟಿಗೆ, ನೌಕರಿಗೆ ಅರ್ಜಿ ಹಾಕುವ ಮನೆಗಳಲ್ಲೆಲ್ಲ ಅದರ ಪ್ರಮಾಣಪತ್ರ ಇರುತ್ತದೆ. ಅದೇ ವಿಧಿಯ ಅಕ್ಕತಂಗಿಯರು ಅಲ್ಲೂ ಇವೆ. ನಾಗಾಲ್ಯಾಂಡಿಗೆ 371ಎ, ಮಣಿಪುರದ ಗುಡ್ಡಗಳಿಗೆ 371ಸಿ. ಹಿಂದುಳಿದ, ಬೇರೆ ಬಗೆಯ ಪ್ರದೇಶಕ್ಕೆ ಬೇರೆ ರಕ್ಷಣೆ ಬೇಕು ಎಂಬ ಮಾತು ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹೊಸದಲ್ಲ. ಅಂಥ ರಕ್ಷಣೆ ಯಾರಿಗೆ ಸಿಗಬೇಕು ಎಂಬ ಜಗಳ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೂ ಹೊಸದಲ್ಲ.

ಸಂತೆಯಿಂದ ಎದ್ದವರು

ಇಂಫಾಲದ ನಡುಮಧ್ಯೆ ಇಮಾ ಕೈಥೆಲ್ ಎಂಬ ಮಾರುಕಟ್ಟೆ ಇದೆ. ಇಮಾ ಅಂದರೆ ಅವ್ವ, ಕೈಥೆಲ್ ಅಂದರೆ ಸಂತೆ. ಸಾವಿರಾರು ಹೆಂಗಸರು ಅಲ್ಲಿ ವ್ಯಾಪಾರಕ್ಕೆ ಕೂರುತ್ತಾರೆ. ಗಂಡಸರಿಗೆ ಅಂಗಡಿ ಇಡುವ ಹಕ್ಕಿಲ್ಲ. ನಮ್ಮ ಸಂತೆಗಳಲ್ಲೂ ಕಾಯಿಪಲ್ಲೆ ಬುಟ್ಟಿ ಹೆಂಗಸರದೇ, ಒಪ್ಪೋಣ. ಆದರೆ ಸಂತೆಯ ಹರಾಜು ಹಿಡಿಯುವವರು, ಜಾಗದ ದುಡ್ಡು ವಸೂಲಿ ಮಾಡುವವರು, ದಲ್ಲಾಳಿಗಳು ಯಾರು? ಅಲ್ಲಿ ಜಾಗವೇ ಹೆಂಗಸರ ಕೈಯಲ್ಲಿದೆ. ತಾಯಿಯಿಂದ ಸೊಸೆಗೋ ಮಗಳಿಗೋ ದಾಟಿಕೊಂಡು ಬರುತ್ತದೆ. ಸಂಘಟನೆಗೆ ಬೇಕಾದ ಮೂರೂ, ಅಂದರೆ ದಿನಾ ಒಟ್ಟಿಗೆ ಕೂರುವ ತಾವು, ಸ್ವಂತ ಗಳಿಕೆ, ಊರೂರಿನ ಸುದ್ದಿ, ಒಂದೇ ಸೂರಿನ ಕೆಳಗೆ ಸಿಗುತ್ತವೆ.

ಇಂಥ ಹೆಂಗಸರು ಬ್ರಿಟಿಷರ ಕಾಲದಲ್ಲೇ ಎರಡು ಸಲ ಎದ್ದರು. ಎರಡನ್ನೂ ನುಪಿ ಲಾನ್, ಅಂದರೆ ಹೆಂಗಸರ ಯುದ್ಧ ಎನ್ನುತ್ತಾರೆ. 1904ರದು ಗಂಡಸರನ್ನು ಬಿಟ್ಟಿ ದುಡಿಮೆಗೆ ಹಚ್ಚಿದ ಆಜ್ಞೆಯ ವಿರುದ್ಧ. ಸುಟ್ಟುಹೋದ ಇಂಗ್ಲಿಷ್ ಅಧಿಕಾರಿಯ ಬಂಗಲೆಯನ್ನು ಊರವರು ಪುಕ್ಕಟೆ ಕಟ್ಟಿಕೊಡಬೇಕಿತ್ತು. ಹೆಂಗಸರು ಬೀದಿಗೆ ಇಳಿದ ಮೇಲೆ ಆಜ್ಞೆ ವಾಪಸಾಯಿತು.

1939ರ ಕತೆ ಸಿಂಧನೂರು, ಗಂಗಾವತಿ ಕಡೆಯವರಿಗೆ ಬೇಗ ತಿಳಿಯುತ್ತದೆ, ಏಕೆಂದರೆ ಅದು ಅಕ್ಕಿ ಮಿಲ್ಲಿನ ಕತೆ. ಕಣಿವೆಯಲ್ಲಿ ಭತ್ತ ಕುಟ್ಟುವುದು ಹೆಂಗಸರ ಕೆಲಸ, ಅದರಿಂದಲೇ ಕೈಗೆ ನಾಲ್ಕು ಕಾಸು. ಮಿಲ್ಲುಗಳು ಬಂದವು, ಒನಕೆಯ ಕೂಲಿ ಹೋಯಿತು. ಮಿಲ್ಲಿನ ಅಕ್ಕಿ ಲಾರಿ ಹತ್ತಿ ಹೊರನಾಡಿಗೆ ಹೊರಟಿತು. ಆ ವರ್ಷ ಬೆಳೆಯೂ ಕೆಟ್ಟಿತ್ತು. ಭತ್ತ ಬೆಳೆದ ನಾಡಿನಲ್ಲೇ ಅಕ್ಕಿ ಇಲ್ಲ. ಡಿಸೆಂಬರ್ 12ರಂದು ಹೆಂಗಸರು ದರ್ಬಾರಿನ ಕಚೇರಿಗೆ ಮುತ್ತಿಗೆ ಹಾಕಿದರು. ಅಕ್ಕಿ ಸಾಗಣೆ ನಿಲ್ಲಿಸಲು ಮಹಾರಾಜರ ಅಪ್ಪಣೆ ಬೇಕು, ಅವರು ಊರಲ್ಲಿಲ್ಲ ಎಂದು ಸಾಹೇಬ ಹೇಳಿದ. ಹಾಗಾದರೆ ತಂತಿ ಕೊಡು ಎಂದು ಅವನನ್ನು ತಂತಿ ಕಚೇರಿಗೇ ನಡೆಸಿಕೊಂಡು ಹೋಗಿ, ಉತ್ತರ ಬರುವ ತನಕ ಬಿಡುವುದಿಲ್ಲ ಎಂದು ಸುತ್ತ ಕೂತರು. ಅಸ್ಸಾಂ ರೈಫಲ್ಸ್ ಎಂಬ ಅರೆಸೇನಾ ಪಡೆ ಬಂದು ಬಂದೂಕಿನ ಮೊನೆಯಿಂದ ಚದುರಿಸಿತು, ಹಲವರಿಗೆ ಗಾಯವಾಯಿತು. ಆದರೆ ಸಾಗಣೆ ನಿಂತಿತು, ಮಿಲ್ಲುಗಳೂ ನಿಂತವು. ಹೆಂಗಸರು ತಮ್ಮ ಮಾರುಕಟ್ಟೆಯನ್ನೇ ಬಹಿಷ್ಕರಿಸಿ ತಿಂಗಳುಗಟ್ಟಲೆ ಖಾಲಿ ಬಿಟ್ಟರು. ಡಿಸೆಂಬರ್ 12 ಈಗಲೂ ಅಲ್ಲಿ ನುಪಿ ಲಾನ್ ದಿನ.

ಇದನ್ನು ಹೇಳಿದಾಗ ದೊಡ್ಡವ್ವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾಹೇಬನನ್ನು ತಂತಿ ಕಚೇರಿಗೆ ಕರೆದೊಯ್ದದ್ದು. “ನಾವು ತಹಸೀಲ್ದಾರ್ರಿಗೆ ಮನವಿ ಕೊಟ್ಟು ಬರ್ತೀವಿ. ಆಕಿ ನೋಡು, ಕೈ ಹಿಡ್ಕಂಡು ಹೋಗ್ಯಾಳ” ಎಂದಳು.

ಕುಡುಕರ ಕಾವಲು ಪಂಜಿನ ಕಾವಲಾಯಿತು

1970ರ ದಶಕದಲ್ಲಿ ಕಣಿವೆಯ ಕೇರಿಕೇರಿಗಳಲ್ಲಿ ಹೆಂಗಸರು ರಾತ್ರಿ ಲಾಟೀನು ಹಿಡಿದು ಕಾವಲು ತಿರುಗತೊಡಗಿದರು. ಆ ಗುಂಪುಗಳಿಗೆ ನಿಶಾಬಂದಿ ಎಂದು ಹೆಸರು. ಕುಡಿದು ತೂರಾಡುವವನನ್ನು ಹಿಡಿದು ನಾಚಿಸುವುದು, ಕಳ್ಳಬಟ್ಟಿ ಒಡೆಯುವುದು, ಹೆಂಡತಿಗೆ ಹೊಡೆಯುವ ಮನೆಯ ಮುಂದೆ ನಿಲ್ಲುವುದು. ನಮ್ಮ ಆಂದೋಲನ ಬಲ್ಲವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನೂ ಇಲ್ಲ. 2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್. ಅದರ ಜಾಗಕ್ಕೆ ಅಗ್ಗದ ಪ್ಯಾಕೆಟ್ಟು ಬಂದು, ಕಿರಾಣಿ ಅಂಗಡಿಯಲ್ಲಿ ಬೀಡಿ ಕಟ್ಟಿನ ಪಕ್ಕ ಕೂತಿತು. ಅದಕ್ಕೇ ಹೆಂಗಸರು ಬೆಂಗಳೂರಿನ ತನಕ ನಡೆದದ್ದು.

ಆದರೆ 1980ರಲ್ಲಿ ಅಲ್ಲಿಯ ದಾರಿ ಬೇರೆಯಾಯಿತು. ಪ್ರತ್ಯೇಕ ದೇಶ ಕೇಳುವ ಶಸ್ತ್ರಧಾರಿ ಗುಂಪುಗಳು ಕಣಿವೆಯಲ್ಲಿ ಬಲಿತಿದ್ದವು. ಸರ್ಕಾರ ಇಡೀ ಮಣಿಪುರವನ್ನು “ಪ್ರಕ್ಷುಬ್ಧ ಪ್ರದೇಶ” ಎಂದು ಸಾರಿತು. ಹಾಗೆ ಸಾರಿದೊಡನೆ ಜಾರಿಗೆ ಬರುವುದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಬಾಯಿಮಾತಿನಲ್ಲಿ ಆಫ್‌ಸ್ಪಾ. ಏಳೇ ಕಲಮುಗಳ ಪುಟ್ಟ ಕಾಯ್ದೆ. ನೆನಪಿಡಬೇಕಾದ್ದು ಎರಡೇ ಕಲಮು. ನಾಲ್ಕನೆಯದರ ಪ್ರಕಾರ, ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದೆಂಬ ನಿಷೇಧ ಮುರಿದರೂ ಸಾಕು, ಎಚ್ಚರಿಕೆ ಕೊಟ್ಟು ಸಾಯುವಂತೆ ಗುಂಡು ಹಾರಿಸಬಹುದು. ಮನೆ ಹೊಕ್ಕು ಹುಡುಕಬಹುದು, ವಾರಂಟಿಲ್ಲದೆ ಹಿಡಿಯಬಹುದು. ಹವಾಲ್ದಾರ್ ದರ್ಜೆಯವರಿಗೂ ಈ ಅಧಿಕಾರವಿದೆ. ಆರನೆಯದರ ಪ್ರಕಾರ, ಹಾಗೆ ಮಾಡಿದವರ ಮೇಲೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಕೋರ್ಟಿನಲ್ಲಿ ಮೊಕದ್ದಮೆ ನಡೆಯದು. ಮೊದಲನೆಯದು ಬಂದೂಕು ಕೊಡುತ್ತದೆ, ಎರಡನೆಯದು ಬಾಗಿಲು ಮುಚ್ಚುತ್ತದೆ.

ರಾತ್ರಿ ಜೀಪು ಬಂದು ಮನೆಮಗನನ್ನು ಎತ್ತಿಕೊಂಡು ಹೋದರೆ ಅಪ್ಪ ಅಣ್ಣ ಹೊರಬರುವಂತಿಲ್ಲ. ಬಂದರೆ ಅವರೂ ಉಗ್ರರೇ. ಆಗ ಹೊರಬಂದವರು ಹೇಗೂ ಎಚ್ಚರ ಇರುತ್ತಿದ್ದ ಕಾವಲಿನ ಹೆಂಗಸರು. ಲಾಟೀನು ಹೋಗಿ ಬಿದಿರಿನ ಪಂಜು ಬಂತು. ಮೈರಾ ಅಂದರೆ ಪಂಜು, ಪೈಬಿ ಅಂದರೆ ಹಿಡಿದವಳು. ಅನುಮಾನದ ವಾಹನ ಕಂಡೊಡನೆ ಒಬ್ಬಾಕೆ ಕಲ್ಲು ತೆಗೆದು ಕರೆಂಟಿನ ಕಬ್ಬಿಣದ ಕಂಬಕ್ಕೆ ಬಡಿಯುತ್ತಾಳೆ. ಆ ಸದ್ದು ಕೇಳಿದ ಮುಂದಿನ ಕೇರಿಯಾಕೆ ತನ್ನ ಕಂಬಕ್ಕೆ ಬಡಿಯುತ್ತಾಳೆ. ಫೋನಿಲ್ಲದ ಕಾಲದಲ್ಲಿ ಸದ್ದು ಹೀಗೆ ಕೇರಿಯಿಂದ ಕೇರಿಗೆ ಓಡಿ, ಸ್ವಲ್ಪ ಹೊತ್ತಿನಲ್ಲಿ ನೂರಾರು ಹೆಂಗಸರು ರಸ್ತೆಗೆ ಅಡ್ಡ ನಿಂತಿರುತ್ತಿದ್ದರು. ಹುಡುಗನನ್ನು ಕರೆದೊಯ್ಯುವುದಾದರೆ ಬಂಧನದ ಚೀಟಿ ಕೊಡಿ, ಅದನ್ನೂ ಊರ ಹಿರಿಯರ ಎದುರು ಕೊಡಿ ಎಂದು ಪಟ್ಟು ಹಿಡಿಯುತ್ತಿದ್ದರು. ಚೀಟಿ ಇದ್ದರೆ ಹುಡುಗ ಜೀವಂತ ಹೋದ ಎಂಬುದಕ್ಕೆ ಸಾಕ್ಷಿ.

ಇದಕ್ಕೆ ಸದಸ್ಯತ್ವದ ರಸೀದಿ ಇಲ್ಲ. ಕೇರಿಯ ಮದುವೆಯಾದ ಹೆಣ್ಣು ಅಂದರೆ ಹೆಚ್ಚುಕಡಿಮೆ ಮೈರಾ ಪೈಬಿಯೇ. ಮನೆಗೊಬ್ಬರಂತೆ ಸರದಿ, ಕೂರಲು ಕೇರಿಯ ತುದಿಗೊಂದು ಚಪ್ಪರದಂಥ ಕಟ್ಟೆ. ರಾಜ್ಯಮಟ್ಟದಲ್ಲಿ ಹಲವು ಒಕ್ಕೂಟಗಳಿವೆ, ಆದರೆ ನಿಜವಾದ ಘಟಕ ಕೇರಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಂಗ್ಲಾ ಕೋಟೆಯ ಬಾಗಿಲು

2004ರ ಜುಲೈ 11ರ ನಸುಕಿಗೆ ಮುಂಚೆ ಥಂಗ್ಜಮ್ ಮನೋರಮಾ ಎಂಬ ಯುವತಿಯನ್ನು ಅಸ್ಸಾಂ ರೈಫಲ್ಸ್‌ನವರು ಮನೆಯಿಂದ ಹಿಡಿದೊಯ್ದರು. ಬಂಧನದ ಚೀಟಿಯನ್ನೇನೋ ಕೊಟ್ಟಿದ್ದರು. ಬೆಳಗಾದ ಮೇಲೆ ಗುಂಡೇಟಿನ ಹೆಣ ಸಿಕ್ಕಿತು. ಚೀಟಿಯ ಮೇಲೆ ಇದ್ದ ನಂಬಿಕೆ ಅಲ್ಲಿಗೆ ಮುಗಿಯಿತು.

ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಿಗೆ ಹನ್ನೆರಡು ಹೆಂಗಸರು ಬಂದರು. ಒಂದು ಕಾಲಕ್ಕೆ ರಾಜರ ಕೋಟೆ, ಆಗ ಅಸ್ಸಾಂ ರೈಫಲ್ಸ್ ನೆಲೆ. ಎಲ್ಲರೂ ಮಕ್ಕಳು ಮೊಮ್ಮಕ್ಕಳಿದ್ದ ವಯಸ್ಸಿನವರು. ಉಟ್ಟ ಬಟ್ಟೆ ಕಳಚಿ, “ಭಾರತೀಯ ಸೇನೆಯೇ, ನಮ್ಮನ್ನೂ ಅತ್ಯಾಚಾರ ಮಾಡು” ಎಂದು ಬರೆದ ಬ್ಯಾನರನ್ನು ಮೈಗೆ ಅಡ್ಡ ಹಿಡಿದು ನಿಂತರು. ಇದನ್ನು ಹೇಳುವಾಗ ನಮ್ಮ ಸಭೆಯಲ್ಲಿ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಅವಮಾನದ ಸರಕಾಗಿದ್ದ ಹೆಣ್ಣಿನ ಮೈಯನ್ನು, ಅವಮಾನ ಮಾಡಿದವನ ಮುಖಕ್ಕೇ ತಿರುಗಿಸಿದ್ದು ಅದು. 2003ರಲ್ಲಿ ಲೈಬೀರಿಯಾದ ಹೆಂಗಸರು ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆಯ ಕೋಣೆಯ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗದೆ ಗಂಡಸರನ್ನು ಹೊರಬಿಡುವುದಿಲ್ಲ ಎಂದಿದ್ದರು. ಬಂಧಿಸಲು ಬಂದವರ ಮುಂದೆ ಅವರ ಮುಂದಾಳು ಲೇಮಾ ಗ್ಬೋವಿ ಬಟ್ಟೆ ಕಳಚುತ್ತೇನೆ ಎಂದಾಗ ಕಾವಲಿನವರೇ ಹಿಂದೆ ಸರಿದರು. ಆಕೆಗೆ 2011ರಲ್ಲಿ ನೊಬೆಲ್ ಬಂತು. ತಾಯಿಯ ಬತ್ತಲೆ ನೋಡಿದವನಿಗೆ ಒಳ್ಳೆಯದಾಗದು ಎಂಬ ನಂಬಿಕೆ ಎರಡೂ ಕಡೆ ಇದೆ. ನಮ್ಮಲ್ಲೂ ಇಲ್ಲವೆಂದೇನಲ್ಲ.

ಫಲ? ಆ ಆಗಸ್ಟಿನಲ್ಲಿ ಇಂಫಾಲ ನಗರ ಪ್ರದೇಶದಿಂದ ಆಫ್‌ಸ್ಪಾ ತೆಗೆದರು. ನವೆಂಬರಿನಲ್ಲಿ ಕೋಟೆಯನ್ನು ರಾಜ್ಯಕ್ಕೆ ಬಿಟ್ಟುಕೊಟ್ಟರು. ಜೀವನ್ ರೆಡ್ಡಿ ಸಮಿತಿ ಕೂತಿತು, 2005ರಲ್ಲಿ ಈ ಕಾಯ್ದೆಯನ್ನೇ ರದ್ದು ಮಾಡಿ ಎಂದಿತು. ಕಾಯ್ದೆ ಇನ್ನೂ ಇದೆ. 2022ರಿಂದ ಕಣಿವೆಯ ಕೆಲವು ಠಾಣೆಗಳ ವ್ಯಾಪ್ತಿಯಿಂದ ತೆಗೆಯುತ್ತ ಹೋದರು, 2024ರ ನವೆಂಬರಿನಲ್ಲಿ ಆರು ಠಾಣೆಗಳಿಗೆ ಮತ್ತೆ ತಂದರು.

ಬೀದಿಯಲ್ಲಿ ಸಿಗದ್ದನ್ನು ಕೋರ್ಟಿನಲ್ಲಿ ಹುಡುಕಿದ ಹೆಂಗಸರೂ ಇದ್ದರು. ಎನ್‌ಕೌಂಟರಿನಲ್ಲಿ ಗಂಡಂದಿರನ್ನು ಕಳೆದುಕೊಂಡವರು 2009ರಲ್ಲಿ ಸಂತ್ರಸ್ತ ಕುಟುಂಬಗಳ ಸಂಘ ಕಟ್ಟಿ, 2012ರಲ್ಲಿ 1,528 ಸಾವುಗಳ ಪಟ್ಟಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಗಂಡ ಸತ್ತ ದಿನ, ಜಾಗ, ನೋಡಿದವರು, ಪೊಲೀಸರು ಬರೆದಿದ್ದೇನು, ನಡೆದಿದ್ದೇನು ಎಂದು ಒಂದೊಂದೇ ಹಾಳೆ ಜೋಡಿಸಿದ ಕೆಲಸ ಅದು. ಸಾಲದ ಪುಸ್ತಕ ಬರೆಯುವ ನನಗೆ ಪಂಜಿಗಿಂತ ಈ ಹಾಳೆಗಳೇ ಹೆಚ್ಚು ಎದೆಗೆ ತಟ್ಟುತ್ತವೆ.

ಬಳ್ಳಾರಿಯವರು ಇಲ್ಲಿ ಕಿವಿ ನೆಟ್ಟಗೆ ಮಾಡಬೇಕು. 2013ರ ಜನವರಿಯಲ್ಲಿ ಇದರ ತನಿಖೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. 2011ರ ಜುಲೈಯಲ್ಲಿ ಲೋಕಾಯುಕ್ತರಾಗಿ ಬಳ್ಳಾರಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟು ಒಂದು ಸರ್ಕಾರದ ಬುಡ ಅಲ್ಲಾಡಿಸಿದವರು. ಜತೆಗಿದ್ದವರು ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಮತ್ತು ಕರ್ನಾಟಕದ ಪೊಲೀಸ್ ಮುಖ್ಯಸ್ಥರಾಗಿದ್ದ ಅಜಯ್ ಕುಮಾರ್ ಸಿಂಗ್. ಮಾದರಿಗೆ ಆರು ಪ್ರಕರಣ ತೆಗೆದು ನೋಡಿದರು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಬರೆದರು. 2016ರ ಜುಲೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಕ್ಷುಬ್ಧ ಪ್ರದೇಶವಾದರೂ ಮಿತಿಮೀರಿದ ಬಲಪ್ರಯೋಗಕ್ಕೆ ಪೂರಾ ರಕ್ಷಣೆ ಇಲ್ಲ ಎಂದಿತು. ಮರುವರ್ಷ ಸಿಬಿಐ ತನಿಖೆಗೆ ಆದೇಶಿಸಿತು. ಕಾಯ್ದೆ ಮುಚ್ಚಿದ ಬಾಗಿಲನ್ನು ಗಂಡ ಸತ್ತ ಹೆಂಗಸರು ಕಾಗದದಿಂದ ಒಂದಿಷ್ಟು ಸಂದು ಮಾಡಿದರು.

ದೇವಿಯಾದರೆ ಒಂದು ಕಷ್ಟ

2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಅಂಗೀಕರಿಸಿತು. ಯುದ್ಧ ನಡೆಯುವಲ್ಲಿ ಹೆಂಗಸರಿಗೆ ರಕ್ಷಣೆ ಬೇಕು, ಶಾಂತಿ ಮಾತುಕತೆಯಲ್ಲಿ ಅವರಿಗೆ ಜಾಗ ಬೇಕು ಎಂಬುದು ಅದರ ಸಾರ. ಎರಡೇ ದಿನಕ್ಕೆ, ನವೆಂಬರ್ 2ರಂದು, ಇಂಫಾಲ ಸಮೀಪದ ಮಾಲೋಮ್‌ನಲ್ಲಿ ಬಸ್ಸಿಗೆ ನಿಂತಿದ್ದ ಹತ್ತು ಜನ ಅಸ್ಸಾಂ ರೈಫಲ್ಸ್ ಗುಂಡಿಗೆ ಸತ್ತರು. ಆಫ್‌ಸ್ಪಾ ತೆಗೆಯಿರಿ ಎಂದು ಇರೋಮ್ ಶರ್ಮಿಳಾ ಉಪವಾಸ ಶುರು ಮಾಡಿದ್ದು ಆಗ. ಮೂಗಿಗೆ ನಳಿಕೆ ಹಾಕಿ ಸರ್ಕಾರ ಬದುಕಿಸಿಟ್ಟಿತು. 2016ರ ಆಗಸ್ಟ್ 9ರ ತನಕ ನಡೆದ ಆ ಉಪವಾಸದ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಆಮೇಲಿನದು. ಜೇನುತುಪ್ಪ ನಾಲಿಗೆಗೆ ಹಚ್ಚಿಕೊಂಡು, ಚುನಾವಣೆಗೆ ನಿಲ್ಲುತ್ತೇನೆ, ಮದುವೆಯಾಗುತ್ತೇನೆ ಎಂದ ದಿನವೇ ಉಳಿದುಕೊಳ್ಳಲು ಹೋದ ಕೇರಿಯವರು ಬೇಡವೆಂದರು. ಮತ್ತೆ ಆಸ್ಪತ್ರೆಗೇ ಹೋಗಬೇಕಾಯಿತು. ಬೇಡವೆಂದವರಲ್ಲಿ ಹೆಂಗಸರೂ ಇದ್ದರು. 2017ರ ಚುನಾವಣೆಯಲ್ಲಿ ಬಿದ್ದ ಮತ 90. ಆಕೆಯ ಅವಳಿ ಹೆಣ್ಣುಮಕ್ಕಳು 2019ರ ತಾಯಂದಿರ ದಿನದಂದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ತಾಯಿ ಎಂಬ ಪಟ್ಟ ಕೊಟ್ಟರೆ ಸೈನಿಕನೂ ಮುಟ್ಟಲು ಹೆದರುತ್ತಾನೆ, ನಿಜ. ಆದರೆ ಪಟ್ಟಕ್ಕೆ ಶರತ್ತು ಇದೆ. ಹಸಿವೆ, ಪ್ರೀತಿ, ಓಟಿನ ಆಸೆ ಯಾವುದೂ ಇರಬಾರದು. ಇನ್ನೊಂದು ಶರತ್ತು ಇದಕ್ಕಿಂತ ಗಟ್ಟಿ: ಯಾರ ತಾಯಿ?

ನಾಗಾಲ್ಯಾಂಡಿನಲ್ಲಿ ನಾಗಾ ತಾಯಂದಿರ ಸಂಘ 1984ರ ಫೆಬ್ರುವರಿಯಲ್ಲಿ ಕೊಹಿಮಾದಲ್ಲಿ ಹುಟ್ಟಿತು. ಅದೂ ಮೊದಲು ಹೊರಟಿದ್ದು ಹೆಂಡ ಮತ್ತು ಮಾದಕ ವಸ್ತುವಿನ ವಿರುದ್ಧವೇ! 1989ರಲ್ಲಿ ಅಲ್ಲಿ ಪಾನನಿಷೇಧ ಕಾಯ್ದೆ ಬಂತು. ಕಳ್ಳವ್ಯಾಪಾರ ನಿಲ್ಲಲಿಲ್ಲ, ಆ ಮಾತು ಬೇರೆ. ನಾಗಾ ಬಂಡುಕೋರ ಬಣಗಳು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ 1994ರಲ್ಲಿ “ಇನ್ನು ರಕ್ತ ಹರಿಸಬೇಡಿ” ಎಂದು ಅಭಿಯಾನ ನಡೆಸಿತು. ಸದಸ್ಯರು ಕಾಡಿನ ಶಿಬಿರಗಳಿಗೂ ಹೋದರು, ಸರ್ಕಾರದ ಕಚೇರಿಗೂ ಹೋದರು. ಇಂಥವರು ಇದ್ದರೂ ಕೇಂದ್ರ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವಿನ 2015ರ ಆಗಸ್ಟಿನ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಹೆಣ್ಣಿಲ್ಲ. ನಗರಸಭೆಗಳಲ್ಲಿ ಶೇ 33 ಮೀಸಲು ಕೇಳಿದಾಗ, ಅದು 371ಎ ಕಾಪಾಡುವ ನಮ್ಮ ಸಂಪ್ರದಾಯಕ್ಕೆ ವಿರುದ್ಧ ಎಂದು ಗಂಡಸರ ಬುಡಕಟ್ಟು ಸಭೆಗಳು ಎದ್ದವು. 2017ರಲ್ಲಿ ಗಲಭೆಯಾಗಿ ಕೊಹಿಮಾದ ನಗರಸಭೆ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಪ್ರೀಂ ಕೋರ್ಟ್ ಬೆನ್ನು ಹತ್ತಿದ ಮೇಲೆ ಮೀಸಲಿನೊಂದಿಗೆ ಚುನಾವಣೆ ನಡೆದದ್ದು 2024ರ ಜೂನ್ 26ಕ್ಕೆ. ಶಾಂತಿ ತರಲು ತಾಯಿ ಬೇಕು, ಕುರ್ಚಿಗೆ ಬೇಡ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಕುರ್ಚಿ ಹೆಂಗಸರದು, ಹೌದು. ಕಚೇರಿಗೆ ಫೋನ್ ಮಾಡಿದರೆ ಎತ್ತುವವನು ಅಧ್ಯಕ್ಷೆಯ ಗಂಡ ಎಂಬುದನ್ನು ಮರೆತು ಅವರನ್ನು ನೋಡಿ ನಗಬೇಕಿಲ್ಲ.

ಆ “ಮತ್ತ?”

2023ರ ಮಾರ್ಚ್ 27ರಂದು ಮಣಿಪುರ ಹೈಕೋರ್ಟ್, ಮೈತೇಯಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಬೇಡಿಕೆಯನ್ನು ಪರಿಗಣಿಸುವಂತೆ ರಾಜ್ಯ ಸರ್ಕಾರಕ್ಕೆ ಹೇಳಿತು. ಗುಡ್ಡದವರಿಗೆ ತಮ್ಮ ಮೀಸಲಿಗೂ ಭೂಮಿಗೂ ಕುತ್ತು ಬಂತು ಅನಿಸಿತು. ಮೇ 3ರಂದು ಅದನ್ನು ವಿರೋಧಿಸಿ ಮೆರವಣಿಗೆ. ಅವತ್ತೇ ಬೆಂಕಿ ಹತ್ತಿತು. 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆ ಬಿಟ್ಟರು. ಕಣಿವೆಯಲ್ಲಿ ಕುಕಿಗಳು ಉಳಿಯಲಿಲ್ಲ, ಕುಕಿ ಗುಡ್ಡಗಳಲ್ಲಿ ಮೈತೇಯಿಗಳು ಉಳಿಯಲಿಲ್ಲ. ನಡುವೆ ಎರಡೂ ಕಡೆ ಕಾಲಿಡಲಾಗದ ಪಟ್ಟಿ.

ಆಗ ಮೈರಾ ಪೈಬಿಗಳು ಏನು ಮಾಡಿದರು? ಮೊದಲಿನಂತೆ ರಸ್ತೆಗೆ ಅಡ್ಡ ನಿಂತರು. ಆದರೆ ಈ ಸಲ ಅಡ್ಡ ನಿಂತದ್ದು ತಮ್ಮವರ ಪರವಾಗಿ ಮಾತ್ರ. ಜೂನ್ 24ರಂದು ಇಥಮ್ ಎಂಬ ಹಳ್ಳಿಯಲ್ಲಿ ಸೇನೆ ಹನ್ನೆರಡು ಮಂದಿ ಶಸ್ತ್ರಧಾರಿಗಳನ್ನು ಹಿಡಿದಿತ್ತು. ಹೆಂಗಸರು ಮುಂದೆ ನಿಂತ ಸಾವಿರಕ್ಕೂ ಹೆಚ್ಚು ಜನರ ಗುಂಪು ಸುತ್ತುವರಿಯಿತು. ರಕ್ತಪಾತ ಬೇಡವೆಂದು ಸೇನೆ ಅವರನ್ನು ಬಿಟ್ಟುಕೊಟ್ಟಿತು. ಅತ್ತ ಕುಕಿ ಹೆಂಗಸರೂ ಸುಮ್ಮನಿರಲಿಲ್ಲ. ಕಾಂಗ್‌ಪೋಕ್ಪಿಯಲ್ಲಿ ಹೆದ್ದಾರಿ ತಡೆದರು, ಚುರಾಚಾಂದ್‌ಪುರದಲ್ಲಿ ಸತ್ತವರ ನೆನಪಿನ ಗೋಡೆಯ ಮುಂದೆ ಖಾಲಿ ಶವಪೆಟ್ಟಿಗೆ ಜೋಡಿಸಿ ಕೂತರು. ಆಗಸ್ಟಿನಲ್ಲಿ ಅಸ್ಸಾಂ ರೈಫಲ್ಸ್ ತೊಲಗಲಿ ಎಂದು ಕಣಿವೆಯ ತಾಯಂದಿರು ಬೀದಿಗೆ ಬಂದರು. ಅದೇ ತಿಂಗಳು ಅಸ್ಸಾಂ ರೈಫಲ್ಸ್ ನಮ್ಮನ್ನು ಬಿಟ್ಟು ಹೋಗಬಾರದು ಎಂದು ಗುಡ್ಡದ ತಾಯಂದಿರು ಬೀದಿಗೆ ಬಂದರು. ಪಡೆ ಒಂದೇ, ಹೆದರಿಕೆ ಎರಡು.

ಇನ್ನೂ ಕಹಿಯಾದದ್ದೂ ಇದೆ. ಕೆಲವು ದೂರುಗಳಲ್ಲಿ, ಹೆಂಗಸರೇ ತಮ್ಮನ್ನು ಹಿಡಿದು ಶಸ್ತ್ರಧಾರಿ ಗಂಡಸರಿಗೆ ಒಪ್ಪಿಸಿದರು ಎಂದು ಕುಕಿ ಯುವತಿಯರು ಆರೋಪಿಸಿದ್ದಾರೆ. ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯ. ಹಾಗೆಯೇ, ಬತ್ತಲೆ ನಡೆಸಿದ ಆ ಇಬ್ಬರು ಕುಕಿ ಹೆಣ್ಣುಮಕ್ಕಳ ವಿಡಿಯೊ ಹೊರಬಂದ ಮರುದಿನ ಮುಖ್ಯ ಆರೋಪಿಯ ಮನೆಗೆ ಬೆಂಕಿ ಇಟ್ಟವರು ಅದೇ ಕಣಿವೆಯ ಹೆಂಗಸರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅರ್ಧ ಸುಳ್ಳು ಹೇಳಿದಂತೆ.

ಮೈರಾ ಪೈಬಿಯ ಘಟಕ ಕೇರಿ ಎಂದೆನಲ್ಲ, ಉತ್ತರ ಅಲ್ಲೇ ಇದೆ. ಕೇರಿಯಿಂದ ಕೇರಿಗೆ ಸದ್ದು ದಾಟುವುದೇ ಅದರ ಬಲ. ಆದರೆ ಆ ಸದ್ದು ಗುಡ್ಡದ ಬುಡದ ತನಕ ಹೋಗಿ ನಿಲ್ಲುತ್ತದೆ. ಸರ್ಕಾರದ ಬಂದೂಕು ಮತ್ತು ಮನೆಯ ಮಗನ ನಡುವೆ ನಿಲ್ಲಲು ಕಟ್ಟಿದ ಸಂಘಟನೆಯದು. ಮನೆಯ ಮಗನ ಕೈಯಲ್ಲೇ ಬಂದೂಕು ಇದ್ದು, ಎದುರಿಗೆ ಇನ್ನೊಬ್ಬ ತಾಯಿಯ ಮಗಳು ನಿಂತಾಗ ಏನು ಮಾಡಬೇಕೆಂಬ ಅಭ್ಯಾಸ ಅದಕ್ಕಿರಲಿಲ್ಲ. ಹಕ್ಕಿನ ಹೋರಾಟ ತಮ್ಮವರಿಗಾಗಿ ನಡೆದೀತು. ಶಾಂತಿಯ ಕೆಲಸಕ್ಕೆ ಅಷ್ಟು ಸಾಲದು, ಎದುರು ಪಾಳೆಯದಲ್ಲೂ ಒಂದು ಗುರುತಿನ ಮನೆ ಬೇಕು.

ಅಂಥ ದಾರಿ ಆ ನಾಡಿಗೆ ತಿಳಿಯದ್ದೇನಲ್ಲ. ಮಣಿಪುರದ ತಂಗ್ಖುಲ್ ನಾಗಾಗಳಲ್ಲಿ ಹಿಂದೆ ಊರು ಊರಿನ ನಡುವೆ ಯುದ್ಧ ಹತ್ತಿದರೆ, ಒಂದು ಊರಲ್ಲಿ ಹುಟ್ಟಿ ಇನ್ನೊಂದಕ್ಕೆ ಸೊಸೆಯಾಗಿ ಹೋದವಳು ನಡುವೆ ಬರುತ್ತಿದ್ದಳು. ಆಕೆಗೆ ಪುಖ್ರೈಲಾ ಎಂದು ಹೆಸರು. ಆಕೆಯ ಮೇಲೆ ಇಬ್ಬರೂ ಕೈ ಮಾಡುವಂತಿಲ್ಲ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಗಂಡ, ಯಾರು ಸತ್ತರೂ ಅಳುವವಳು ಅವಳೇ. ತವರುಮನೆ, ಗಂಡನ ಮನೆ ಎಂಬ ಎರಡು ಮನೆಯ ಸಂಕಟವನ್ನೇ ಅವರು ಅಧಿಕಾರ ಮಾಡಿಕೊಂಡಿದ್ದರು. ಈಗಿನ ಕಾಲದಲ್ಲೂ ಕೆಲವರು ಆ ಹಾದಿ ಹಿಡಿದಿದ್ದಾರೆ. 2004ರಲ್ಲಿ ಬಿನಲಕ್ಷ್ಮಿ ನೆಪ್ರಮ್ ಕಟ್ಟಿದ ಗನ್ ಸರ್ವೈವರ್ಸ್ ಜಾಲ, ಗುಂಡೇಟಿಗೆ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸಿನ ಬದುಕಿಗೆ ಆಸರೆ ಕೊಡುತ್ತದೆ. ಗುಂಡು ಯಾರದೆಂದು ಕೇಳುವುದಿಲ್ಲ.

ಇಷ್ಟು ಹೇಳಿದ ದಿನ ದೊಡ್ಡವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಕೆಯ ಊರಲ್ಲೂ ಸಂಘ ಒಂದಲ್ಲ, ಏಳೆಂಟಿವೆ. ಒಂದೊಂದು ಓಣಿಗೆ ಒಂದು, ಅಂದರೆ ಯಾವ ಜಾತಿಗೆ ಯಾವುದೆಂದು ಬೇರೆ ಹೇಳಬೇಕಿಲ್ಲ. ಬೆಂಗಳೂರಿಗೆ ನಡೆದಾಗ ಎಲ್ಲ ಓಣಿಯವರೂ ಒಂದೇ ಸಾಲಿನಲ್ಲಿ ರೊಟ್ಟಿ ತಿಂದದ್ದು, ಊರಿಗೆ ಬಂದ ಮೇಲೆ ಮತ್ತೆ ಬೇರೆ ಬೇರೆ ಕೊಡದ ನೀರು ಕುಡಿದದ್ದು ಆಕೆಗೂ ಗೊತ್ತು, ನನಗೂ ಗೊತ್ತು.

ಎದ್ದು ಹೊರಗೆ ಬಂದ ಮೇಲೆ ಕೇಳಿದಳು: “ಕಂಬ ಬಡದ್ರ ಅಷ್ಟು ದೂರ ಕೇಳಸ್ತೈತೇನ್ರೀ?” ಈಗ ಊರಿನ ಕಂಬಗಳೆಲ್ಲ ಸಿಮೆಂಟಿನವು. ಸಾಲಿಗುಡಿ ಹತ್ತಿರ ಮಾತ್ರ ತಂತಿ ಬಿಚ್ಚಿದ ಹಳೆಯ ಕಬ್ಬಿಣದ ಕಂಬವೊಂದು ನಿಂತಿತ್ತು. ಆಕೆ ಕಾಲಬುಡದ ಕಲ್ಲು ತೆಗೆದು ಮೂರು ಸಲ ಬಡಿದಳು. ನಾಯಿಗಳು ಬೊಗಳಿದವು. ಹಳ್ಳದ ಆಚೆಯ ಓಣಿಯಲ್ಲಿ ಒಬ್ಬಾಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಏನಾತಬೇ?” ಎಂದು ಕೂಗಿದಳು.

“ಏನಿಲ್ಲಬೇ, ಕೇಳಸ್ತೈತೋ ಇಲ್ಲೋ ನೋಡಿದ್ವಿ” ಎಂದು ದೊಡ್ಡವ್ವ ಕಲ್ಲನ್ನು ಕಂಬದ ಬುಡಕ್ಕೇ ಇಟ್ಟಳು.